ಅಂಬೆಗಾಲಿನಿಂದ ವಿನಾಯಿತಿ ಕೋರಿ

ಇಂದ,
ನಿವೃತ್ತ ಲಿಫ್ಟ್ ತಪಾಸಣಾಧಿಕಾರಿಗಳು,
ಸಂಘದ ಸ್ಥಾಪಕ ಸದಸ್ಯರು, ಸದಸ್ಯತ್ವ ಸಂಖ್ಯೆ 2.
(ಬಲಗೈ ಹೆಬ್ಬೆರಳಿಗೆ ಪಟ್ಟಿ ಕಟ್ಟಿರುವ ಕಾರಣ, ಅವರು ಹೇಳಿದಂತೆ ಬರೆದವರು: ಅರ್ಜಿದಾರರ ಹೆಂಡತಿ, ನಿವೃತ್ತ ಬೆರಳಚ್ಚುಗಾರ್ತಿ. ಅವರು ಹೇಳದೆ ಬಿಟ್ಟದ್ದನ್ನೂ ಅಲ್ಲಲ್ಲಿ ಬರೆದಿದ್ದಾರೆ.)

ಗೆ,
ಕಾರ್ಯದರ್ಶಿಯವರು,
ರಿಮೋಟ್ ಹೆಲಿಕಾಪ್ಟರ್ ಹವ್ಯಾಸಿಗಳ ಸಂಘ,
ತಮ್ಮದೇ ಟೈಲರಿಂಗ್ ಅಂಗಡಿಯ ಮಹಡಿ.

ವಿಷಯ: ಹನ್ನೊಂದು ವರ್ಷಗಳ ನಂತರ ಹಾರಾಟಕ್ಕೆ ಮರಳುತ್ತಿರುವ ಅರ್ಜಿದಾರರಿಗೆ ಸಂಘದ ನಿಯಮ 7ರಿಂದ ವಿನಾಯಿತಿ ನೀಡುವ ಕುರಿತು.

ಉಲ್ಲೇಖ: 1) ಸದರಿ ನಿಯಮ 7. ಕರಡು ಬರೆದವರು: ಅರ್ಜಿದಾರರೇ.
2) ಕಳೆದ ಭಾನುವಾರ ಮೈದಾನದಲ್ಲಿ ತಾವು ನೀಡಿದ ಮೌಖಿಕ ಆದೇಶ: "ಆಗಲ್ಲ ಸಾರ್."
3) ಸೋಮವಾರ ಬೆಳಿಗ್ಗೆ ಬಾಲ್ಕನಿಯಿಂದ ಬೀಗರು ಆಡಿದ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

1. ಸದರಿ ಅರ್ಜಿದಾರರು ಹನ್ನೊಂದು ವರ್ಷಗಳ ಹಿಂದಿನವರೆಗೆ ಈ ಸಂಘದ ಅತ್ಯುತ್ತಮ ಹಾರಾಟಗಾರರಾಗಿದ್ದರು. ಹೆಲಿಕಾಪ್ಟರನ್ನು ತಲೆಕೆಳಗು ಮಾಡಿ, ಹುಲ್ಲಿನ ಮೇಲೆ ಒಂದು ಆಳೆತ್ತರದಲ್ಲಿ ನಿಲ್ಲಿಸಿ, ಅದೇ ಹೊತ್ತಿಗೆ ಪಕ್ಕದವರ ಜೊತೆ ಹರಟುತ್ತಿದ್ದರು. ಇದನ್ನು ಬರೆಸುವಾಗ ಅವರು ಕುರ್ಚಿಯಿಂದ ಎದ್ದು ನಿಂತರು. "ಅತ್ಯುತ್ತಮ" ಎಂಬುದರ ಕೆಳಗೆ ಗೆರೆ ಎಳೆಯಲು ಹೇಳಿದರು. ಎಳೆದಿಲ್ಲ.

2. ನಂತರ ಊರಿನ ಕಟ್ಟಡಗಳು ಮೇಲಕ್ಕೆ ಬೆಳೆದವು. ಕಟ್ಟಡ ಬೆಳೆದಲ್ಲೆಲ್ಲ ಲಿಫ್ಟ್ ಬಂತು, ಲಿಫ್ಟ್ ಬಂದಲ್ಲೆಲ್ಲ ತಪಾಸಣೆ ಬಂತು. ಆದ್ದರಿಂದ ಭಾನುವಾರಗಳು ಹೋದವು. ಈ ವಾರ ಬೇಡ, ಬರುವ ವಾರ ಎಂದು ಹೆಲಿಕಾಪ್ಟರನ್ನು ಡಬ್ಬಿಗೆ ಹಾಕಿ ಬಟ್ಟೆ ಬೀರುವಿನ ಮೇಲೆ ಇಟ್ಟರು. ಆ ಬರುವ ವಾರ ಬರಲು ಹನ್ನೊಂದು ವರ್ಷ ಹಿಡಿಯಿತು.

3. ಹೋದ ತಿಂಗಳು ಅರ್ಜಿದಾರರು ನಿವೃತ್ತರಾದರು. ಮನುಷ್ಯ ನಿವೃತ್ತನಾದರೂ ತಪಾಸಣೆ ನಿವೃತ್ತವಾಗಲಿಲ್ಲ. ಮೊದಲ ವಾರದಲ್ಲೇ ಸೋಫಾದ ಮೇಲೆ "ಗರಿಷ್ಠ ಭಾರ: ಮೂವರು" ಎಂಬ ಚೀಟಿ ಅಂಟಿತು. ಫ್ರಿಜ್ಜಿನ ಬಾಗಿಲು ಎಷ್ಟು ಸೆಕೆಂಡಿನಲ್ಲಿ ಮುಚ್ಚುತ್ತದೆ ಎಂದು ಗಡಿಯಾರ ಹಿಡಿದು ನೋಡಿದರು. ಹೆಂಡತಿ ಅಡುಗೆಮನೆಯ ಏಣಿ ಹತ್ತಿದಾಗ ಅದರ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದರು. ಈ ಅಂಶವನ್ನು ಅರ್ಜಿದಾರರು ಬರೆಸಿಲ್ಲ. ಆದರೂ ಕಡತದಲ್ಲಿರಲಿ.

4. ಇಂತಿರುವಲ್ಲಿ ಬೀರುವಿನ ಮೇಲಿನ ಡಬ್ಬಿ ಕೆಳಗಿಳಿಯಿತು. ಬ್ಯಾಟರಿಗಳು ದಿಂಬಿನ ಹಾಗೆ ಊದಿಕೊಂಡಿದ್ದವು, ಹೊಸದು ತಂದರು. ನಾಲ್ಕು ದಿನ ಊಟದ ಮೇಜು ಊಟಕ್ಕೆ ಸಿಗಲಿಲ್ಲ, ನಾವು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಂಡೆವು. ಅರ್ಜಿದಾರರು ಬೆಸುಗೆ ಹಾಕುತ್ತಾ ಸಿಳ್ಳೆ ಹಾಕಿದರು. ಈ ಮನೆಯಲ್ಲಿ ಆ ಸಿಳ್ಳೆ ಕೇಳಿ ಎಷ್ಟೋ ವರ್ಷವಾಗಿತ್ತು. ಮೇಜು ಹೋದರೆ ಹೋಗಲಿ ಎಂದು ಬರಹಗಾರ್ತಿಗೆ ಸಂತೋಷವೇ ಆಯಿತು, ಹೇಳಿಕೊಳ್ಳಲಿಲ್ಲ.

5. ಇನ್ನು ಅವಸರದ ಕಾರಣ. ಮಗಳ ಮಾವ, ಅಂದರೆ ನಮ್ಮ ಬೀಗರು, ನಿವೃತ್ತ ಗಣಿತದ ಮೇಷ್ಟ್ರು. ಹೊಸ ಸಂಬಂಧ, ಇನ್ನೂ ಆರು ತಿಂಗಳು ತುಂಬಿಲ್ಲ. ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಅವರು ತಮ್ಮ ಚದುರಂಗದ ಬಹುಮಾನಗಳನ್ನು ಒಂದೊಂದಾಗಿ ತೋರಿಸಿದರು. ಅರ್ಜಿದಾರರು ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಬರುವ ತಿಂಗಳು ನಡೆಯುವ ಸಂಘದ ವಾರ್ಷಿಕ ಪ್ರದರ್ಶನದಲ್ಲಿ ಹೆಲಿಕಾಪ್ಟರನ್ನು ತಲೆಕೆಳಗಾಗಿ ಹಾರಿಸುವುದಾಗಿಯೂ, ಬೀಗರು ಸಕುಟುಂಬ ಬಂದು ಮುಂದಿನ ಸಾಲಿನಲ್ಲಿ ಕೂರಬೇಕಾಗಿಯೂ ಹೇಳಿಬಿಟ್ಟರು. ಮೇಜಿನ ಕೆಳಗೆ ಹೆಂಡತಿ ಕಾಲು ತುಳಿದದ್ದು ಅವರಿಗೆ ತಗುಲಲಿಲ್ಲ, ಬೀಗಿತ್ತಿಗೆ ತಗುಲಿತು.

6. ಆದರೆ ನಿಯಮ 7 ಹೀಗಿದೆ: "ಐದು ವರ್ಷಕ್ಕಿಂತ ಹೆಚ್ಚು ಕಾಲ ಹಾರಾಟ ಬಿಟ್ಟವರು, ಎಷ್ಟೇ ಹಿರಿಯರಾಗಿರಲಿ, ಎರಡು ತಿಂಗಳು ಅಂಬೆಗಾಲಿನಲ್ಲಿ ಹಾರಿಸತಕ್ಕದ್ದು." ಅಂಬೆಗಾಲು ಎಂದರೆ ಹೆಲಿಕಾಪ್ಟರಿನ ಹೊಟ್ಟೆಯ ಕೆಳಗೆ ಅಡ್ಡಡ್ಡ ಕಟ್ಟುವ ಎರಡು ಉದ್ದ ಕಡ್ಡಿ, ನಾಲ್ಕು ತುದಿಗೆ ನಾಲ್ಕು ಪ್ಲಾಸ್ಟಿಕ್ ಚೆಂಡು. ಹೊಸಬರು ವಾಲಿಸಿ ಇಳಿಸಿದರೂ ಮಗುಚಿಕೊಳ್ಳದಿರಲೆಂದು ಇದೆಲ್ಲ. "ಎಷ್ಟೇ ಹಿರಿಯರಾಗಿರಲಿ" ಎಂಬ ಮಾತನ್ನು ಅರ್ಜಿದಾರರೇ ಹಟ ಹಿಡಿದು ಸೇರಿಸಿದ್ದು ತಮಗೆ ನೆನಪಿರಬಹುದು. ತಾವು ಹೊಸ ಸದಸ್ಯೆಯಾಗಿದ್ದಾಗ ಇವರೇ ತಮ್ಮನ್ನು ಆರು ತಿಂಗಳು ಅಂಬೆಗಾಲಿನಲ್ಲಿ ಇಟ್ಟು, ಮೂರು ಸಲ ನಪಾಸು ಮಾಡಿದ್ದೂ ನೆನಪಿರಲೇಬೇಕು.

7. ಕಾರಣ, ಬೀಗರ ಎದುರಿಗೆ ನಾಲ್ಕು ಚೆಂಡು ಕಟ್ಟಿಕೊಂಡು ನಿಲ್ಲುವ ಪರಿಸ್ಥಿತಿ ಬಾರದಂತೆ, ಅನುಭವವನ್ನು ಪರಿಗಣಿಸಿ, ಸದರಿ ನಿಯಮದಿಂದ ವಿನಾಯಿತಿ ದಯಪಾಲಿಸಬೇಕಾಗಿ ಪ್ರಾರ್ಥನೆ.

ಸೋಮವಾರ ಸಂಜೆ ಅರ್ಜಿದಾರರು ಬರೆಸಿದ್ದು ಇಷ್ಟು. ಇಲ್ಲಿಗೆ ಮುಗಿಸಿ ಸಹಿ ಹಾಕಿಸು ಎಂದರು. ಹೆಬ್ಬೆರಳಿಗೆ ಏನಾಯಿತು ಎಂದು ಬರೆಯಬೇಡವೇ ಎಂದು ಕೇಳಿದ್ದಕ್ಕೆ, "ಸಣ್ಣ ಗಾಯ" ಎಂದು ಬರೆದರೆ ಸಾಕು ಎಂದರು. ಮೂವತ್ತು ವರ್ಷ ಕಚೇರಿ ಕಾಗದ ಬರೆದ ಕೈ, ಅರ್ಧ ಸತ್ಯಕ್ಕೆ ಅದು ಬಗ್ಗುವುದಿಲ್ಲ. ಆದ್ದರಿಂದ ಮುಂದುವರಿಸಲಾಗಿದೆ.

8. ಭಾನುವಾರ ತಾವು "ಆಗಲ್ಲ ಸಾರ್" ಎಂದಿರಿ. ಸೋಮವಾರ ಬೆಳಿಗ್ಗೆ ಅರ್ಜಿದಾರರು, ಏನೂ ಮರೆತಿಲ್ಲವೆಂದು ತಮಗೆ ತಾವೇ ತೋರಿಸಿಕೊಳ್ಳಲು, ಹೆಲಿಕಾಪ್ಟರನ್ನು ಮನೆಯ ಹಿಂದಿನ ಅಂಗಳಕ್ಕೆ ಒಯ್ದರು. ಬಟ್ಟೆ ಒಣಹಾಕಿದ್ದೇನೆ ಎಂದು ಹೆಂಡತಿ ಒಳಗಿನಿಂದ ಹೇಳಿದರು. ಬಟ್ಟೆ ಅಲ್ಲಿ, ನಾನು ಇಲ್ಲಿ ಎಂಬ ಉತ್ತರ ಬಂತು. ಹೆಲಿಕಾಪ್ಟರ್ ಮೊಣಕಾಲೆತ್ತರಕ್ಕೆ ಎದ್ದಿತು, ಎದ್ದ ಕೂಡಲೇ ಬುಗುರಿಯ ಹಾಗೆ ಗಿರಗಿರನೆ ತಿರುಗತೊಡಗಿತು. ಅರ್ಜಿದಾರರು ರಿಮೋಟಿನ ಕಡ್ಡಿ ಒತ್ತಿದಷ್ಟೂ ತಿರುಗು ಜಾಸ್ತಿಯಾಯಿತು. ತಿರುಗುತ್ತಾ ತಿರುಗುತ್ತಾ ಹಗ್ಗದ ಕಡೆ ಹೋಗಿ, ದೊಡ್ಡ ಹಾಸಿಗೆ ಹೊದಿಕೆಯನ್ನು ಪೂರ್ತಿ ಮೈಗೆ ಸುತ್ತಿಕೊಂಡು ನೆಲಕ್ಕೆ ಬಿದ್ದು ಸುಮ್ಮನಾಯಿತು. ಬ್ಯಾಟರಿ ಕಿತ್ತು ಹೊದಿಕೆ ಬಿಡಿಸುವಾಗ, ಮುರಿದ ರೆಕ್ಕೆಯ ಚೂರು ಬಲ ಹೆಬ್ಬೆರಳಿಗೆ ಹೊಕ್ಕಿತು. ಮೂರು ಹೊಲಿಗೆ.

9. ಆ ಹೊತ್ತಿಗೆ ನಮ್ಮ ಬಾಲ್ಕನಿಯಲ್ಲಿ ಬೀಗರು ನಿಂತಿದ್ದರು. ಮಗಳು ಕೊಟ್ಟು ಕಳಿಸಿದ ನಮ್ಮ ಪಾತ್ರೆ ವಾಪಸು ಕೊಡಲು ಬಂದವರು, ಸದ್ದು ಕೇಳಿ ಅಲ್ಲಿಗೆ ಹೋಗಿದ್ದರು. ಎಲ್ಲವನ್ನೂ ಮೊದಲಿನಿಂದ ಕಡೆಯವರೆಗೆ ನೋಡಿ, ಉಲ್ಲೇಖ 3ರ ಮಾತನ್ನು ಆಡಿದರು:

"ತಲೆಕೆಳಗೆ ಅಂತ ಹೇಳಿದ್ರಿ. ಸುತ್ತುತ್ತೆ ಅಂತ ಹೇಳಿರಲಿಲ್ಲ."

ಅವರು ನಗಲಿಲ್ಲ. ನಕ್ಕಿದ್ದರೆ ಅರ್ಜಿದಾರರಿಗೆ ಇಷ್ಟು ಚುಚ್ಚುತ್ತಿರಲಿಲ್ಲ. ಅರ್ಜಿದಾರರು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಹೆಲಿಕಾಪ್ಟರನ್ನು ಮಾರಿಬಿಡೋಣ ಎಂದರು. ನಾಲ್ಕು ದಿನ ಸಿಳ್ಳೆ ಹಾಕಿದ ಬಾಯಲ್ಲಿ ಆ ಮಾತು. ಆದರೆ ಮನೆಗೆ ಬಂದು ಅರ್ಧ ಗಂಟೆಯಲ್ಲಿ, ಮಾರುವುದನ್ನು ಮರೆತು, ಕಾಗದ ಪೆನ್ನು ತಾ ಎಂದರು. ಸೋತದ್ದಕ್ಕೆ ಅರ್ಜಿ ಹಾಕುವುದು ಅವರ ಹಳೆಯ ಅಭ್ಯಾಸ.

10. ಮಂಗಳವಾರ ಬರಹಗಾರ್ತಿಯು ಹರಿದ ಹೊದಿಕೆಯನ್ನು ಹೊಲಿಗೆಗೆ ತಮ್ಮ ಅಂಗಡಿಗೆ ತಂದದ್ದು, ತಾವು ಹರಿದ ರೀತಿಯನ್ನು ಬೆರಳಾಡಿಸಿ ನೋಡಿ "ಇದು ಬಾಲದ ರೆಕ್ಕೆ ಹರಿದದ್ದು, ದೊಡ್ಡದಲ್ಲ" ಎಂದದ್ದು, ನಂತರ ಬೇರೇನನ್ನೂ ಕೇಳದೆ ಅಳತೆ ಪಟ್ಟಿ ಕೊರಳಿಂದ ತೆಗೆದಿಟ್ಟು, ನಾಳೆ ಮನೆಗೆ ಬರುತ್ತೇನೆ ಎಂದದ್ದು ತಮಗೆ ಗೊತ್ತೇ ಇದೆ. ಬುಧವಾರ ತಾವು ನಮ್ಮ ಮನೆಗೆ ಬಂದದ್ದೂ ಗೊತ್ತಿದೆ. ಗೊತ್ತಿರುವುದನ್ನು ಗೊತ್ತಿರುವವರಿಗೇ ಬರೆದು ತಿಳಿಸುವುದು ಕಚೇರಿ ಪದ್ಧತಿಯಾದ್ದರಿಂದ ಬರೆಯಲಾಗುತ್ತಿದೆ.

11. ಹೆಲಿಕಾಪ್ಟರಿನ ಒಳಗೆ ಬೆಂಕಿಪೊಟ್ಟಣದಷ್ಟು ಪುಟ್ಟ ಪೆಟ್ಟಿಗೆಯೊಂದು ಇರುತ್ತದೆ, ಗೈರೋ ಎನ್ನುತ್ತಾರೆ. ಬಾಲ ಎಡಕ್ಕೆ ಜಾರಿದರೆ ಬಲಕ್ಕೆ, ಬಲಕ್ಕೆ ಜಾರಿದರೆ ಎಡಕ್ಕೆ ತಳ್ಳುವುದು ಅದರ ಕೆಲಸ. ತಲೆಕೆಳಗು ಅಂಟಿಸಿದರೆ ಜಾರಿದ ಕಡೆಗೇ ಇನ್ನಷ್ಟು ತಳ್ಳುತ್ತದೆ. ಅರ್ಜಿದಾರರು ತಲೆಕೆಳಗು ಅಂಟಿಸಿದ್ದರು. ಏಕೆಂದರೆ ಅದರ ಸಂಖ್ಯೆಯ ಚೀಟಿ ಅಡಿಯಲ್ಲಿತ್ತು. ಸಂಖ್ಯೆ ಮೇಲಿನಿಂದ ಕಾಣದ ಯಾವ ಯಂತ್ರಕ್ಕೂ ಇವರು ಮೂವತ್ತೈದು ವರ್ಷದಲ್ಲಿ ಪ್ರಮಾಣಪತ್ರ ಕೊಟ್ಟವರಲ್ಲ. ಆದ್ದರಿಂದ ತಪಾಸಣೆಗೆ ಅನುಕೂಲವಾಗಲೆಂದು ಚೀಟಿಯನ್ನು ಮೇಲೆ ಮಾಡಿದರು. ತಪಾಸಣೆ ಮಾತ್ರ ಮಾಡಲಿಲ್ಲ.

12. ಹಾರಿಸುವ ಮುಂಚೆ ಹೆಲಿಕಾಪ್ಟರನ್ನು ಕೈಯಲ್ಲಿ ಹಿಡಿದು ಬಾಲವನ್ನು ಅತ್ತಿತ್ತ ತಿರುಗಿಸಿ, ಪುಟ್ಟ ರೆಕ್ಕೆ ಯಾವ ಕಡೆ ವಾಲುತ್ತದೆಂದು ನೋಡಿಕೊಳ್ಳಬೇಕು. ಅರ್ಧ ನಿಮಿಷದ ಕೆಲಸ. ಸಾವಿರ ಸಲ ಮಾಡಿದವರು, ಸಾವಿರದ ಒಂದನೇ ಸಲ ಯಾಕೆ ಎಂದು ಬಿಟ್ಟರು. ತಾವು ಪೆಟ್ಟಿಗೆಯನ್ನು ಕಿತ್ತು, ತಿರುವಿ, ಮತ್ತೆ ಅಂಟಿಸಿ, ತಲೆ ಎತ್ತದೆ ಹೇಳಿದಿರಿ:

"ಮೊದಲು ಬಾಲ ತಿರುಗಿಸಿ ನೋಡು ಅಂತ ನನಗೆ ಹೇಳಿಕೊಟ್ಟಿದ್ದು ನೀವೇ ಸಾರ್. ಮೂರನೇ ಸಲ ನಪಾಸು ಮಾಡಿದ್ದು ಅದಕ್ಕೇ."

ಅರ್ಜಿದಾರರ ಕಣ್ಣು ಚೀಟಿ ಅಂಟಿದ ಸೋಫಾದ ಕಡೆ ಹೋಯಿತು. ಆಮೇಲೆ ತಾವು ಚೀಲದಿಂದ ಅಂಬೆಗಾಲನ್ನು ತೆಗೆದಿರಿ. ಅದೇ ಕಡ್ಡಿಗಳು, ಹದಿನಾಲ್ಕು ವರ್ಷದ ಹಿಂದೆ ಅರ್ಜಿದಾರರು ಕೈಯಾರೆ ಉಜ್ಜಿ ತಮಗೆ ಕಟ್ಟಿಕೊಟ್ಟದ್ದು. ಚೆಂಡುಗಳು ಬಿರುಕು ಬಿಟ್ಟಿದ್ದರಿಂದ ಒಂದೊಂದಕ್ಕೂ ತಾವು ಬಟ್ಟೆಯ ಕವಚ ಹೊಲಿದಿದ್ದಿರಿ, ನಾಲ್ಕೂ ಬೇರೆ ಬೇರೆ ಬಣ್ಣ. ಬಿಸಾಡಲಿಲ್ಲವಾ ಎಂದು ಅರ್ಜಿದಾರರು ಕೇಳಿದರು. ನೀವು ವಾಪಸು ಕೇಳಿರಲಿಲ್ಲ ಎಂದಿರಿ. ಅವರ ಕಣ್ಣು ತುಂಬಿತು. ಬೆಸುಗೆಯ ಹೊಗೆ ಎಂದರು. ಆಗ ಬೆಸುಗೆ ಹಾಕುತ್ತಿರಲಿಲ್ಲ.

13. ಮುರಿದದ್ದರ ಬದಲಿಗೆ ಹಳೆಯ ಡಬ್ಬಿಯಲ್ಲಿ ಮರದ ರೆಕ್ಕೆ ಒಂದು ಜೊತೆ ಸಿಕ್ಕಿತು. ಎಲ್ಲ ಸಿದ್ಧವಾದ ಮೇಲೆ ತೊಡಕೊಂದು ಎದುರಾಯಿತು. ರಿಮೋಟಿನಲ್ಲಿ ಎರಡು ಕಡ್ಡಿ. ಎಡಗಡೆಯದು ಮೇಲೆ ಕೆಳಗೆ ಒಯ್ಯಲು ಮತ್ತು ಬಾಲ ತಿರುಗಿಸಲು, ಬಲಗಡೆಯದು ಹಿಂದೆ ಮುಂದೆ, ಅಕ್ಕಪಕ್ಕ. ಅರ್ಜಿದಾರರಿಗೆ ಇದ್ದದ್ದು ಎಡ ಹೆಬ್ಬೆರಳು ಒಂದೇ. ವಾಸಿಯಾದ ಮೇಲೆ ನೋಡೋಣ ಎಂದು ತಾವು ಹೇಳುವಷ್ಟರಲ್ಲಿ ಅವರು ಹೆಂಡತಿಯ ಕಡೆ ತಿರುಗಿದರು. ರಿಮೋಟನ್ನು ಇಬ್ಬರ ನಡುವೆ ಹಿಡಿದು, ಬಲಗಡೆಯ ಕಡ್ಡಿಯ ಮೇಲೆ ಆಕೆಯ ಹೆಬ್ಬೆರಳನ್ನು ಇಟ್ಟರು. ಅಂಗಳ ಖಾಲಿ, ಹಗ್ಗ ಖಾಲಿ, ತಾವು ಬಾಗಿಲ ಬಳಿ. ಬಾಲವನ್ನು ತಿರುಗಿಸಿ ನೋಡಿದ್ದಾಗಿತ್ತು, ಮೂವರೂ ನೋಡಿದ್ದೆವು.

"ಟೈಪ್ ಮಾಡೋ ಹಾಗೆ ಕುಟ್ಟಬೇಡ," ಎಂದರು ಅರ್ಜಿದಾರರು. "ತಪ್ಪು ಅಳಿಸ್ತಿದ್ದೆಯಲ್ಲ, ಹಾಳೆ ಹರಿಯದ ಹಾಗೆ. ಅಷ್ಟು ಮೆಲ್ಲಗೆ."

ಹೆಲಿಕಾಪ್ಟರ್ ನಡುಗಿತು, ಚೆಂಡುಗಳ ಮೇಲೆ ಸ್ವಲ್ಪ ತೆವಳಿತು, ಎದ್ದಿತು. ಒಂದು ಗೇಣು. ಹೆಚ್ಚಿಲ್ಲ. ಅದು ಎಡಕ್ಕೆ ವಾಲಿದಾಗ ಹೆಂಡತಿ ಚೂರೇ ಬಲಕ್ಕೆ ತಂದರು, ಬಲಕ್ಕೆ ಹೋದಾಗ ಚೂರೇ ಎಡಕ್ಕೆ. ತಾವು ಎಣಿಸಿದ ಪ್ರಕಾರ ಹನ್ನೊಂದು ಸೆಕೆಂಡು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಅರ್ಜಿದಾರರು ಹೆಂಡತಿಯ ಯಾವ ಕೆಲಸವನ್ನೂ ಹನ್ನೊಂದು ಸೆಕೆಂಡು ತಪ್ಪು ಹುಡುಕದೆ ನೋಡಿದ್ದು ಇದೇ ಮೊದಲು. ಇಳಿಸಿದ ಮೇಲೆ ಬರಹಗಾರ್ತಿಯ ಮುಖದ ತುಂಬ ನಗು. ಹಿಂದೆಲ್ಲ ಭಾನುವಾರ ಬಂತೆಂದರೆ ಇವರು ಮನೆ ಬಿಟ್ಟು ಯಾಕೆ ಓಡುತ್ತಿದ್ದರೆಂದು ಆಗ ಗೊತ್ತಾಯಿತು.

14. ಅದೇ ಸಂಜೆ ಅರ್ಜಿದಾರರು ತಾವಾಗಿಯೇ ಬೀಗರಿಗೆ ಫೋನ್ ಮಾಡಿದರು. ಪ್ರದರ್ಶನಕ್ಕೆ ಖಂಡಿತ ಬರಬೇಕು, ಆದರೆ ತಲೆಕೆಳಗೆ ಇಲ್ಲ, ನಾಲ್ಕು ಚೆಂಡು ಕಟ್ಟಿಕೊಂಡು ಒಂದು ಗೇಣು ಎತ್ತರ ಅಷ್ಟೇ ಎಂದರು. ಹೇಳುವಾಗ ಗೋಡೆಯ ಕಡೆ ಮುಖ ಮಾಡಿದ್ದರು. ಬೀಗರು ಸ್ವಲ್ಪ ಯೋಚಿಸಿ ಉತ್ತರಿಸಿದರು:

"ಒಳ್ಳೇದಾಯ್ತು. ನನಗೆ ಕತ್ತು ಹಿಡಿದಿದೆ, ಮೇಲೆ ನೋಡೋಕೆ ಆಗಲ್ಲ."

ಆದ್ದರಿಂದ ಅಂಶ 7ರಲ್ಲಿನ ಪ್ರಾರ್ಥನೆಯನ್ನು ಹಿಂತೆಗೆದುಕೊಳ್ಳಲಾಗಿದೆ. ಹಾಳೆ ಹರಿದು ಹೊಸದಾಗಿ ಬರೆ ಎಂದು ಅರ್ಜಿದಾರರು ಹೇಳಿದರು. ಬರೆದದ್ದನ್ನು ಹರಿಯುವ ಪದ್ಧತಿ ಇಲ್ಲದ ಕಾರಣ ಹಾಗೆಯೇ ಕಳಿಸಲಾಗಿದೆ. ವಿಷಯ ಸಾಲಿನಲ್ಲಿ "ವಿನಾಯಿತಿ ನೀಡುವ" ಎಂಬಲ್ಲಿ "ವಿನಾಯಿತಿ ನೀಡದಿರುವ" ಎಂದು ಓದಿಕೊಳ್ಳತಕ್ಕದ್ದು. ಅರ್ಜಿದಾರರನ್ನು ಅಂಬೆಗಾಲಿನ ಪಟ್ಟಿಗೆ ಸೇರಿಸಿ, ಪೂರ್ತಿ ಎರಡು ತಿಂಗಳು, ಎಷ್ಟೇ ಹಿರಿಯರಾಗಿರಲಿ, ಒಂದು ದಿನವೂ ಕಡಿಮೆ ಮಾಡದೆ ಹಾರಿಸಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ, ಹಾಗೂ ತಮ್ಮ ಹಳೆಯ ಗುರು, ಈಗ ವಿದ್ಯಾರ್ಥಿ,
(ಎಡಗೈಯಲ್ಲಿ ಸಹಿ. ಮಗು ಬರೆದಂತೆ ಕಂಡರೂ ಅವರದೇ.)

ಲಗತ್ತುಗಳು:
1. ವೈದ್ಯರ ಚೀಟಿ: ಹತ್ತು ದಿನ ಹೆಬ್ಬೆರಳು ಮಡಿಸಬಾರದು.
2. ಮುರಿದ ರೆಕ್ಕೆಯ ಚೂರು, ಒಂದು. (ಹೆಬ್ಬೆರಳಿನಿಂದ ತೆಗೆದದ್ದು.)
3. ಹಾಸಿಗೆ ಹೊದಿಕೆ. ಹೊಲಿಗೆಗೆ ತಮ್ಮಲ್ಲೇ ಇರುವುದರಿಂದ ಲಗತ್ತಿಸಿಲ್ಲ.
4. ಸೋಫಾದಿಂದ ಕಿತ್ತ ಚೀಟಿ. ಅರ್ಜಿದಾರರೇ ಕಿತ್ತದ್ದು.
5. ಹೊಸ ಸದಸ್ಯತ್ವದ ನಮೂನೆ, ಭರ್ತಿ ಮಾಡಿದ್ದು. ಅಭ್ಯರ್ಥಿ: ಬರಹಗಾರ್ತಿ.

ವಿಶೇಷ ಸೂಚನೆ: ಸಂಘದಲ್ಲಿ ಅಂಬೆಗಾಲು ಒಂದೇ ಇದೆ, ಕೇಳುವವರು ಇಬ್ಬರಾಗಿದ್ದಾರೆ. ಮೇಲಿನ ವೈದ್ಯರ ಚೀಟಿಯನ್ನು ಅವಗಾಹನೆಗೆ ತೆಗೆದುಕೊಂಡು, ಸರದಿ ಪಟ್ಟಿಯಲ್ಲಿ ಹೆಂಡತಿಯನ್ನು ಮೊದಲು ಬರೆಯಬೇಕಾಗಿ ವಿನಂತಿ. ಗಂಡನ ಆಕ್ಷೇಪಣೆ ಏನಾದರೂ ಇದ್ದಲ್ಲಿ, ಬಲಗೈಯಲ್ಲಿ ಬರೆದು ಸಲ್ಲಿಸಲಿ.