ಎಡವಟ್ಟೂರಿಗೆ ಇತಿಹಾಸವಿಲ್ಲವೆಂದ ಚಕ್ರವರ್ತಿಗಳಿಗೆ

ಮಾನ್ಯರೇ,

ಆಸ್ಟರ್‌ಮಾರ್ಕ್ ಮಹಾಸಾಮ್ರಾಜ್ಯದ ಚಕ್ರವರ್ತಿಗಳೂ, ಮೇಜಿನ ಮೇಲೆ ಪುಟ್ಟ ಸೈನ್ಯ ಹೂಡಿ ದಾಳ ಹಾಕಿ ಕಾದಾಡುವ ಕಲ್ಯಾಣ ನಗರದ ಗೊಂಬೆಯುದ್ಧ ಸಂಘದ ಆಜೀವ ಅಧ್ಯಕ್ಷರೂ, ಸೋಲು ಹತ್ತಿರ ಬಂದಾಗ ಮಾತ್ರ ತೀರ್ಪುಗಾರರೂ ಆಗುವ ಶ್ರೀ ಮಧುಕರ್ ಅವರಿಗೆ, ಪಕ್ಕದ ಬಡದೇಶವಾದ ಎಡವಟ್ಟೂರಿನ ಸೇನಾಪತಿ, ಹಲಸೂರು ನಿವಾಸಿ ಸೂರ್ಯನು ಬಗ್ಗಿ, ಬೆನ್ನು ಹಿಡಿದುಕೊಳ್ಳುವವರೆಗೂ ಬಗ್ಗಿ, ಮಾಡುವ ನಮಸ್ಕಾರಗಳು.

ತಮ್ಮ ಮಹಡಿಯ ಶೀಟಿನ ರೂಮಿನಲ್ಲಿ, ಪ್ಲೈವುಡ್ ಮೇಜಿನ ಮೇಲೆ, ಅಮ್ಮನ ಅಡುಗೆ ಸೋಡಾ ಉದುರಿಸಿ ವರ್ಷವಿಡೀ ಹಿಮ ಬೀಳಿಸುವ ತಮ್ಮ ಪ್ರತಿಭೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಹೆಬ್ಬೆರಳುದ್ದದ ಸೈನಿಕನ ಕೋಟಿಗೆ ಒಂದೊಂದೇ ಗುಂಡಿ ಬರೆದು, ಕೆನ್ನೆಗೆ ಗುಲಾಬಿ ಬಳಿದು, ತಲೆಗೆ ಕರಡಿ ತುಪ್ಪಳದ ಟೋಪಿ ಇಟ್ಟಿದ್ದೀರಿ. ಸೆಕೆಗೆ ಅವನು ಮೂರ್ಛೆ ಹೋಗದಿರುವುದೇ ತಮ್ಮ ಆಡಳಿತದ ಹಿರಿಮೆ. ನಮ್ಮ ಸೈನಿಕರಾದರೋ ಚೌಕಳಿ ಲುಂಗಿಯವರು. ಶಿವಾಜಿನಗರದ ನನ್ನ ಗೆಳೆಯ ಶಾಹಬಾಜ್ ಉಸಿರು ಬಿಗಿಹಿಡಿದು, ಸಣ್ಣ ಬ್ರಷ್ಷಿನಲ್ಲಿ ಎಳೆದ ಚೌಕಳಿಗಳವು. ಬಣ್ಣ ಹಚ್ಚದ ಸೈನ್ಯ ಮೇಜು ಹತ್ತಕೂಡದೆಂಬ ತಮ್ಮ ಕಾನೂನಿಗೆ ತಲೆಬಾಗಿ ಇಡೀ ಬೇಸಿಗೆ ರಜೆಯನ್ನು ಲುಂಗಿಗಳಿಗೇ ಸುರಿದೆವು.

ಅಂಥ ಸೈನ್ಯ ಕಳೆದ ಭಾನುವಾರ ತಮ್ಮ ರಾಜಧಾನಿಯಿಂದ ಎರಡೇ ಇಂಚು ದೂರದಲ್ಲಿತ್ತು. ದಾಳ ನಮ್ಮ ಪರ ಬಿತ್ತು. ತಾವು ಎದ್ದು ನಿಂತು, "ಲೋ ಸೂರ್ಯ, ನಿಮ್ ದೇಶಕ್ಕೆ ಇತಿಹಾಸ ಎಲ್ಲೋ ಇದೆ? ಹಿರಿಯರ ಬಾಯಿಂದ ಬಂದಿರೋ ಕಥೆ ಒಂದೂ ಇಲ್ಲ ಅಂದ್ರೆ ಅದು ದೇಶಾನೇ ಅಲ್ಲ" ಎಂಬ ಹೊಸ ಕಾನೂನು ಹೊರಡಿಸಿ, ನಮ್ಮ ವೀರರನ್ನು ಬಾಚಿ ಮೈಸೂರುಪಾಕಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಿರಿ. "ಹೋದ್ ಯುಗಾದಿಗೆ ಹುಟ್ಟಿದ ಸಾಮ್ರಾಜ್ಯಕ್ಕೆ ಆರುನೂರು ವರ್ಷದ ವಂಶಾವಳಿ ಹೆಂಗ್ ಬಂತು ಮಗಾ?" ಎಂದು ಶಾಹಬಾಜ್ ಮೆಟ್ಟಿಲಿಳಿಯುತ್ತಾ ಕೇಳಿದ. ಅವನಿಗೆ ತಿಳಿವಳಿಕೆ ಸಾಲದು, ಕ್ಷಮಿಸಿಬಿಡಿ.

ಹೀಗಾಗಿ ನಮ್ಮ ವಿನಂತಿ ಸಣ್ಣದು. ತಮ್ಮ ಆರುನೂರು ವರ್ಷಗಳಲ್ಲಿ ಒಂದನೇ ಮಧುಕರನಿಂದ ಏಳನೇ ಮಧುಕರನವರೆಗೆ ಯಾರೂ ಏನೂ ಕಡಿದು ಕಟ್ಟೆ ಹಾಕಿದಂತೆ ಕಾಣದ್ದರಿಂದ, ಬಳಸದೆ ಬಿದ್ದಿರುವ ಇನ್ನೂರು ವರ್ಷಗಳನ್ನು ನಮಗೆ ದಾನ ಮಾಡಿ. ನಕ್ಷೆಯ ಸಮುದ್ರಗಳೆಲ್ಲ ತಮ್ಮವೇ ಆಗಿರುವುದರಿಂದ ಹಲಸೂರು ಕೆರೆಯಷ್ಟಾದರೂ ಒಂದು ಸಮುದ್ರ ಕೊಡಿ. ಸೋಲುವಾಗ ಎದುರಾಳಿಯ ದೇಶವನ್ನೇ ರದ್ದು ಮಾಡುವ ವಿದ್ಯೆಯನ್ನು ನಮಗೂ ಕಲಿಸಿ. ಇದೆಲ್ಲ ಕಷ್ಟವಾದರೆ ನಮ್ಮ ಸೈನಿಕರನ್ನು ಬಿಡುಗಡೆ ಮಾಡಿ, ಆ ಎರಡು ಇಂಚು ನಡೆಯಲು ಬಿಡಿ, ಸಾಕು.

ಮುಂದಿನ ಕಾನೂನು ಹೊರಡುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಸೂರ್ಯ

ತಾ.ಕ.: ಸೆರೆಯಾಳುಗಳನ್ನು ಕಂಡು ಬರೋಣವೆಂದು ನಿನ್ನೆ ತಮ್ಮ ಮನೆಗೆ ಹೋಗಿದ್ದೆ, ತಾವು ಆಫೀಸಿನಲ್ಲಿದ್ದಿರಿ. ದಸರೆಗೆ ಗೊಂಬೆ ಕೂರಿಸುತ್ತಿದ್ದ ತಮ್ಮ ತಾಯಿ ಮುನಿವೆಂಕಟಮ್ಮನವರು, ಮೆಟ್ಟಿಲು ಖಾಲಿ ಕಾಣುತ್ತಿದೆಯೆಂದು ಮೈಸೂರುಪಾಕಿನ ಡಬ್ಬಿಯನ್ನೂ ಬಿಚ್ಚಿ ಮಹಡಿಯಿಂದ ಎರಡೂ ಸೈನ್ಯಗಳನ್ನು ಇಳಿಸಿದ್ದಾರೆ. ನಮ್ಮ ಲುಂಗಿಯವರು ಈಗ ಪಟ್ಟದ ಗೊಂಬೆಗಳ ಅಕ್ಕಪಕ್ಕ ಕಾವಲು ನಿಂತಿದ್ದಾರೆ. ಪಕ್ಕದ ಮನೆಯವರು ಇವರು ಯಾರೆಂದು ಕೇಳಿದ್ದಕ್ಕೆ ಅಮ್ಮ, "ನಮ್ ಕಡೆಯೋರೇ ಕಣಮ್ಮ, ನಮ್ ತಾತನ್ ಕಾಲದಿಂದ್ಲೂ ಅರಮನೆ ಕಾಯೋರು" ಎಂದರು. ಹಿರಿಯರ ಬಾಯಿಂದ ಬಂದ ಕಥೆ, ತಮ್ಮದೇ ಕಾನೂನು. ತಮ್ಮ ಗುಲಾಬಿ ಕೆನ್ನೆಯವರನ್ನು ನೋಡಿ, "ಪಾಪ, ಬಿಸಿಲು ಹೊಡೆದಿರ್ಬೇಕು" ಎಂದು ಕೆಳಗಿನ ಮೆಟ್ಟಿಲಲ್ಲಿ ಗೊಂಬೆ ಶೆಟ್ಟರ ಅಂಗಡಿಯ ಮುಂದೆ ಬೇಳೆಗೆ ಸಾಲು ನಿಲ್ಲಿಸಿದ್ದಾರೆ. ಹಬ್ಬ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲವಂತೆ. ಭಾನುವಾರ ಗೊಂಬೆ ನೋಡಲು ಬರುತ್ತೇವೆ. ಉಸಲಿ ಅಮ್ಮ ಕೊಡುತ್ತಾರೆ. ರಾಜಧಾನಿ ತಾವು ಕೊಟ್ಟುಬಿಡಿ.