ಅಪ್ಪನ ಒಂದು ತಾಸು

ಅಪ್ಪ ತೀರಿಕೊಳ್ಳುವ ಹಿಂದಿನ ದಿನವೂ ನಮ್ಮ ಮನೆಯಲ್ಲಿ ಎರಡು ಸಲ ಒಂಬತ್ತು ಗಂಟೆಯಾಯಿತು. ಮೊದಲನೆಯ ಒಂಬತ್ತು ನನ್ನ ಕೈಗಡಿಯಾರದ್ದು. ಅದು ಸರ್ಕಾರದ ಒಂಬತ್ತು. ಎರಡನೆಯದು ಪಡಸಾಲೆಯ ಗೋಡೆ ಗಡಿಯಾರದ್ದು; ಅದು ಅಪ್ಪನ ಒಂಬತ್ತು. ಎರಡರ ನಡುವೆ ಒಂದು ತಾಸಿನ ಅಂತರ. ಗೋಡೆ ಗಡಿಯಾರ ಕೆಟ್ಟಿತ್ತೇ? ಛೇ! ಆ ಮಾತನ್ನು ಅಪ್ಪನ ಎದುರು ಆಡಿದವರಿಗೆ ನಮ್ಮ ಮನೆಯಲ್ಲಿ ಎರಡನೆಯ ಸಲ ಚಹಾ ಸಿಕ್ಕಿದ್ದಿಲ್ಲ. ಗಡಿಯಾರ ನೆಟ್ಟಗೇ ಇತ್ತು. ಕೆಟ್ಟದ್ದು ಸರ್ಕಾರ! ಇಡೀ ಹಿಂದುಸ್ಥಾನದಲ್ಲಿ ಖರೇ ಹೊತ್ತು ಗೊತ್ತಿರುವವನು ತಾನೊಬ್ಬನೇ ಎಂದು ನಮ್ಮ ಅಪ್ಪ ನಂಬಿದ್ದರು.

ಆ ಮುಂಜಾನೆ ನಾನು ಎಂದಿನಂತೆ ಊಟದ ಡಬ್ಬಿ ಹಿಡಿದು ಹೊರಬಿದ್ದೆ. ಹುಬ್ಬಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಕಾರಕೂನ. ಮಾಳಮಡ್ಡಿಯ ನಮ್ಮ ಮನೆಯಿಂದ ಸ್ಟೇಶನ್ನಿಗೆ ನಡೆದು ದಿನಾಲೂ ಗಾಡಿ ಹಿಡಿಯುವವನು. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು.

"ಇಷ್ಟ ಲಗೂನ ಎಲ್ಲಿಗೆ ಹೊಂಟಿ? ಈಗರೆ ಎಂಟ ಹೊಡದೈತಿ."

"ಗಾಡಿ ಹೊತ್ತಾತ್ರಿ ಅಪ್ಪಾ."

"ಯಾರ ಹೊತ್ತು?"

"ಸರ್ಕಾರದ್ದರಿ."

"ಹಂಗಾರ ಓಡು. ಅದರ ಉಪ್ಪು ಉಂಡಾಂವ ನೀ. ನಾವು ಸೂರ್ಯನ ಕಡಿಯವ್ರು, ಸಾವಕಾಶ ಬರ್ತೇವಿ."

ನಾನು ನಕ್ಕು ಓಡಿದೆ. ದಿನಾ ಕೇಳುವ ಮಾತು, ಹೊರಳಿ ನೋಡಲಿಲ್ಲ.

ಈ ಜಗಳ ಶುರುವಾದದ್ದು ಮಹಾಯುದ್ಧದ ಕಾಲದಲ್ಲಿ. ದೇಶದ ಎಲ್ಲ ಗಡಿಯಾರಗಳನ್ನೂ ಒಂದು ತಾಸು ಮುಂದೆ ಸರಿಸಬೇಕೆಂದು ಸರ್ಕಾರ ಹುಕುಂ ಹೊರಡಿಸಿತು. ಜನ ಅದನ್ನು 'ಹೊಸ ಟೈಮ್' ಎಂದರು, ನಾಲ್ಕು ದಿನ ಗೊಣಗಿದರು, ಮುಳ್ಳು ತಿರುವಿದರು, ಮರೆತರು. ಅಪ್ಪ ಮರೆಯುತ್ತಾರೆಯೇ? ಜೀವನವಿಡೀ ಕನ್ನಡ ಸಾಲೆಯ ಮಾಸ್ತರರಾಗಿ, ತಡವಾಗಿ ಬಂದ ಹುಡುಗರ ಕಿವಿ ಹಿಂಡಿದ ಕೈ ಅದು! ಪತ್ರಿಕೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಎದುರುಮನೆಯ ವಕೀಲರನ್ನು ಕೂಗಿ ಕರೆದರು.

"ವಕೀಲರ, ಈ ಹುಕುಂ ಸೂರ್ಯಗ ಮುಟ್ಟೈತೇನ್ರಿ?"

"ಮಾಸ್ತರ, ಯುದ್ಧ ನಡದದರಿ. ದೀಪ ಉರಿಸೋದು ಉಳೀತದ ಅಂತ ಹಂಗ ಮಾಡ್ಯಾರ."

"ನಾಳೆ ಅಮಾಸಿ ಬ್ಯಾಡ, ಹುಣ್ಣಿವಿ ಮಾಡ್ರಿ ಅಂತ ಹುಕುಂ ಬಂದ್ರ ಮನ್ಯಾಗ ಹೋಳಗಿ ಮಾಡಸ್ತೀರೇನು?"

"ಹೋಳಗಿ ಅಂದ್ರ ನಾ ಯಾವ ಹುಕುಂಗೂ ತಯಾರರೀ!"

ಅಪ್ಪ ಒಳಗೆ ಬಂದರು. ಗೋಡೆ ಗಡಿಯಾರದ ಗಾಜಿನ ಬಾಗಿಲಿನ ಹಿತ್ತಾಳೆಯ ಕೀಲಿ ಪೆಟ್ಟಿಗೆಯೊಳಗೆ ಇರುತ್ತಿತ್ತು. ಬಾಗಿಲಿಗೆ ಬೀಗ ಹಾಕಿ ಅದನ್ನು ತಮ್ಮ ಉಡದಾರಕ್ಕೆ ಕಟ್ಟಿಕೊಂಡರು. ಇನ್ನು ಆ ಗಡಿಯಾರವನ್ನು ಮುಟ್ಟಬೇಕಾದರೆ ಅಪ್ಪನ ಧೋತರಕ್ಕೇ ಕೈ ಹಾಕಬೇಕು! ಅಷ್ಟು ಧೈರ್ಯ ಯಾವ ಸರ್ಕಾರಕ್ಕಿದೆ?

ಪೇಚಿಗೆ ಬಿದ್ದವಳು ನನ್ನ ಹೆಂಡತಿ. ಒಂದೇ ಒಲೆ, ಎರಡು ಟೈಮು. ಒಂದು ಆದಿತ್ಯವಾರ ಎಲ್ಲರನ್ನೂ ಒಟ್ಟಿಗೆ ಉಣ್ಣಿಸಿ ಕೈ ತೊಳೆದುಕೊಳ್ಳಬೇಕೆಂದು ಅವಳು ಪಡಸಾಲೆಗೆ ಬಂದಳು.

"ಮಾವಾರ, ಊಟಕ್ಕ ಏಳ್ರಿ."

"ಹೊತ್ತಾಗಿಲ್ಲವಾ ಇನ್ನೂ."

"ರೊಟ್ಟಿ ಆರಾಕತ್ತಾವ್ರಿ."

"ಅವನ್ನ ಯಾವ ಟೈಮಿನ್ಯಾಗ ಬಡದಿ?"

"ಹಸಿವಿ ಟೈಮಿನ್ಯಾಗರಿ!"

ವಾದದಲ್ಲಿ ಅಪ್ಪನ ಬಾಯಿ ಕಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ಎದ್ದು ಬಂದು ತಾಟಿನ ಮುಂದೆ ಕೂತರು, ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೇಲೊಂದಿಷ್ಟು ಶೇಂಗಾ ಹಿಂಡಿ ಮುಗಿಸಿ ಗಂಭೀರವಾಗಿ ಹೇಳಿದರು: "ಇದು ಊಟ ಅಲ್ಲವಾ, ನ್ಯಾರಿ. ಊಟಕ್ಕ ಇನ್ನೂ ಒಂದು ತಾಸೈತಿ." ತಾಸು ಕಳೆದ ಮೇಲೆ ಬಂದು ಊಟವನ್ನೂ ಮಾಡಿದರು! ತತ್ವನಿಷ್ಠೆ ಎಂದರೆ ಅದು.

ಆದರೆ ರೈಲುಗಾಡಿ ನನ್ನ ಹೆಂಡತಿಯಷ್ಟು ತಾಳ್ಮೆಯದಲ್ಲ. ಹುಬ್ಬಳ್ಳಿಯಲ್ಲಿ ಸೋದರತ್ತೆಯ ಮೊಮ್ಮಗನಿಗೆ ಹೆಸರಿಡುವ ಕಾರ್ಯವಿತ್ತು. ಹತ್ತರ ಗಾಡಿಗೆ ಹೊರಡಿರೆಂದು ಮನೆಮಂದಿಯೆಲ್ಲ ಹೇಳಿದೆವು. ಅಪ್ಪ ಇಸ್ತ್ರಿ ಮಾಡಿದ ಕೋಟು ತೊಟ್ಟು, ರುಮಾಲು ಸುತ್ತಿ, ತಮ್ಮ ಗಡಿಯಾರದ ಪ್ರಕಾರ ಹತ್ತಕ್ಕೆ ಮೊದಲೇ ಸ್ಟೇಶನ್ನಿಗೆ ಹೋದರು. ಪ್ಲಾಟ್‌ಫಾರ್ಮಿನ ಮೇಲೆ ಒಂದು ಆಡು ಬಿಟ್ಟರೆ ಇನ್ನಾರೂ ಇರಲಿಲ್ಲ.

"ಮಾಸ್ತರ, ಗಾಡಿ ಹೋಗಿ ತಾಸಾಗಾಕ ಬಂತ್ರಿ," ಎಂದರು ಸ್ಟೇಶನ್ ಮಾಸ್ತರರು.

"ಹಂಗಾರ ತಪ್ಪು ಗಾಡೀದು. ನನಗ ಗಾಡಿ ತಪ್ಪಿಲ್ಲ. ಗಾಡಿಗೆ ನಾ ತಪ್ಪೇನಿ!"

ಮಗುವಿಗೆ ಅಪ್ಪ ಇಲ್ಲದೆಯೇ ಹೆಸರಿಟ್ಟರು. ಅಪ್ಪನೇನು ಪಶ್ಚಾತ್ತಾಪಪಟ್ಟರೇ? ಮುಂದಿನ ತಿಂಗಳು ಮಗುವನ್ನು ನೋಡಲು ಹೊರಟಾಗಲೂ ಅದೇ ಹತ್ತರ ಗಾಡಿಗೆ, ಅದೇ ತಮ್ಮ ಹತ್ತಕ್ಕೆ ಹೋದರು. ಆ ದಿನ ಸೈನಿಕರ ಗಾಡಿಗೆ ದಾರಿ ಬಿಡಲು ಇವರ ಗಾಡಿಯನ್ನು ಎಲ್ಲಿಯೋ ತಡೆದಿದ್ದರಂತೆ. ಅದು ಒಂದು ತಾಸು ತಡವಾಗಿ, ಅಂದರೆ ಅಪ್ಪನ ಲೆಕ್ಕಕ್ಕೆ ಒಂದು ನಿಮಿಷವೂ ತಪ್ಪದೆ, ಬಂದು ನಿಂತಿತು! ಗಾಡಿ ಡಬ್ಬಿಯ ಮಂದಿಯೆಲ್ಲ ಸರ್ಕಾರವನ್ನು ಬೈಯುತ್ತಿದ್ದರೆ ಅಪ್ಪ ಮಾತ್ರ ಮದುಮಗನಂತೆ ಹತ್ತಿ ಕೂತು, "ನೋಡ್ರಿ, ಗಾಡಿಗೂ ಬುದ್ಧಿ ಬಂತು," ಎಂದರಂತೆ.

ನನ್ನ ಮಗಳು ಅಜ್ಜನ ಶಿಷ್ಯೆ. ಸಾಲೆಯಲ್ಲಿ ಕಲಿಸುವ ಬಾಯಿಯವರು "ಎಷ್ಟ ಹೊತ್ತಾತು ಹೇಳು" ಎಂದರೆ "ಯಾರ ಟೈಮರಿ?" ಎಂದು ಕೇಳಿ ಒಂದು ದಿನ ಬೆಂಚಿನ ಮೇಲೆ ನಿಂತು ಬಂದಳು. ಆದರೆ ಎರಡು ಗಡಿಯಾರಗಳಿಂದ ಏನು ಲಾಭ ಎನ್ನುವುದು ನಮ್ಮೆಲ್ಲರಿಗಿಂತ ಮೊದಲು ತಿಳಿದದ್ದು ಅವಳಿಗೇ. ಸಂಜೆ ಆರಕ್ಕೆ ಆಟ ಬಿಟ್ಟು ಅಭ್ಯಾಸಕ್ಕೆ ಕೂಡಬೇಕೆಂದು ಅವಳ ಅವ್ವನ ಕಟ್ಟಪ್ಪಣೆ.

"ಆರ ಆತು, ಒಳಗ ಬಾ!"

"ಅಜ್ಜನ ಗಡಿಯಾರದಾಗ ಇನ್ನೂ ಐದವಾ!"

"ಖರೇ ಐತಿ," ಎಂದು ಅಪ್ಪ ಕಟ್ಟೆಯಿಂದ ಸಾಕ್ಷಿ ಹೇಳುತ್ತಿದ್ದರು.

ಹೀಗೆ ಸರ್ಕಾರದ ಆರಕ್ಕೂ ಅಪ್ಪನ ಆರಕ್ಕೂ ನಡುವಿನ ತಾಸು ಅವರಿಬ್ಬರ ಪಾಲಾಯಿತು. ಹುಣಸೆಬೀಜ ತೇಯ್ದು ಆಡುವ ಪಗಡೆ, ಹುರಿದ ಶೇಂಗಾ, ರೈಲ್ವೆ ಗೇಟಿನವರೆಗೆ ಒಂದು ಸುತ್ತು. ನಾನು ಹುಬ್ಬಳ್ಳಿಯಿಂದ ದಣಿದು ಬರುವಾಗ ಗೇಟಿನ ಹತ್ತಿರ ಅವರಿಬ್ಬರೂ ಕೈ ಹಿಡಿದು ನಿಂತಿರುವುದು ಗಾಡಿಯ ಕಿಟಕಿಯಿಂದ ಕಾಣುತ್ತಿತ್ತು. ನಾನು ಚಿಕ್ಕವನಿದ್ದಾಗ ಅಪ್ಪ ನನ್ನೊಡನೆ ಹೀಗೆ ನಿಂತದ್ದು ನೆನಪಿಲ್ಲ. ಆಗ ಅವರೂ ಗಡಿಯಾರದ ಹಿಂದೆ ಓಡುತ್ತಿದ್ದರು.

ಅಪ್ಪನಿಗೆ ಒಂದೇ ಆಸೆಯಿತ್ತು. "ಯುದ್ಧ ಮುಗೀಲಿ. ನನ್ನ ತಾಸು ಸರ್ಕಾರ ತಿರುಗಿ ಕೊಟ್ಟ ಕೊಡ್ತೈತಿ. ಆವತ್ತ ನೀ ನನ್ನ ಮುಂದ ಕೂತು ಕೈಗಡಿಯಾರ ಹಿಂದ ಸರಿಸಬೇಕು. ನಾ ಕಣ್ಣಿಲೆ ನೋಡಬೇಕು," ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಯುದ್ಧ ಮುಗಿಯುವ ಸುದ್ದಿಗಳೂ ಬರತೊಡಗಿದ್ದವು. ಗೆಲುವು ಹತ್ತಿರ ಬಂದಂತೆ ಅಪ್ಪ ದಿನಾ ಪತ್ರಿಕೆಯ ಹುಡುಗನಿಗಿಂತ ಮೊದಲು ಬಾಗಿಲಲ್ಲಿರುತ್ತಿದ್ದರು. ತೀರಿಕೊಳ್ಳುವ ಹಿಂದಿನ ದಿನವೂ ಹಾಗೆಯೇ ಇದ್ದರು.

ಮರುದಿನ ಮುಂಜಾನೆ ಲಿಂಗಪೂಜೆ ಮುಗಿಸಿ ಕಟ್ಟೆಗೆ ಬಂದವರು ಗೋಡೆಗೆ ಒರಗಿ ಕೂತರು. ನಾನು ಡಬ್ಬಿ ಹಿಡಿದು ಹೊರಬಿದ್ದೆ. 'ಇಷ್ಟ ಲಗೂನ ಎಲ್ಲಿಗೆ' ಎಂಬ ಮಾತು ಬರಲಿಲ್ಲ. ಆ ದಿನ ಹೊರಳಿ ನೋಡಿದೆ.

ಕ್ರಿಯೆ ಮಾಡಿಸಲು ಅಯ್ಯನವರು ಬಂದು, "ಜೀವ ಹೋದದ್ದ ಎಷ್ಟೊತ್ತಿಗಪಾ?" ಎಂದು ಕೇಳಿದರು. ರೂಢಿಯಂತೆ ಕೈಗಡಿಯಾರದ ನೆನಪಿನಿಂದ, "ಒಂಬತ್ತರ ಸುಮಾರಿಗ್ರಿ," ಎಂದೆ. ಮಗಳು ಅಂಗಿ ಜಗ್ಗಿದಳು.

"ಅಪ್ಪಾ, ಅಜ್ಜನ ಟೈಮ್ ಹೇಳು."

"ಎಂಟರ ಸುಮಾರಿಗ್ರಿ," ಎಂದು ತಿದ್ದಿಕೊಂಡೆ.

ಉಡದಾರದ ಗಂಟು ಗಟ್ಟಿಯಾಗಿತ್ತು. ಕೀಲಿಯನ್ನು ಬಿಚ್ಚಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು. ಯಾರ ಹೊತ್ತು ಎಂದು ಕೇಳುವವರು ಇರಲಿಲ್ಲ.

ಕೀಲಿ ಈಗ ನನ್ನ ಕೈಗೆ ಬಂದಿತ್ತು. ಮುಳ್ಳನ್ನು ಮುಂದೆ ಸರಿಸಲು ಯಾರ ಅಡ್ಡಿಯೂ ಇರಲಿಲ್ಲ. ನಾನು ಸರಿಸಲಿಲ್ಲ. ಎರಡು ಟೈಮಿನಿಂದ ಬೇಸತ್ತಿದ್ದ ಹೆಂಡತಿಯೂ ಸರಿಸಿರಿ ಎನ್ನಲಿಲ್ಲ. ಬದಲಾಗಿ, ಅಪ್ಪನ ಊಟದ ಹೊತ್ತಿಗೆ ಒಮ್ಮೊಮ್ಮೆ ಸುಮ್ಮನೆ ಪಡಸಾಲೆಗೆ ಬಂದು ನಿಂತು ಒಳಗೆ ಹೋಗುತ್ತಿದ್ದಳು.

ಕಡೆಗೆ ಯುದ್ಧ ಮುಗಿಯಿತು. ಗಡಿಯಾರಗಳನ್ನೆಲ್ಲ ಒಂದು ತಾಸು ಹಿಂದೆ ಸರಿಸಬೇಕೆಂದು ಹುಕುಂ ಬಂತು. ಎದುರುಮನೆಯ ವಕೀಲರು ಪತ್ರಿಕೆ ಹಿಡಿದೇ ಬಂದರು. "ಮಾಸ್ತರ ಗೆದ್ರಲ್ಲೋ ತಮ್ಮಾ," ಎಂದರು. ಕಟ್ಟೆಯ ತುದಿಗೆ ಕೂತರು. ನಾನೂ ಕಟ್ಟೆಯ ಮೇಲೆ, ಅಪ್ಪ ಕೂಡುತ್ತಿದ್ದ ಜಾಗದ ಎದುರು ಕೂತು, ಕೈಗಡಿಯಾರ ಬಿಚ್ಚಿ ಮುಳ್ಳನ್ನು ಹಿಂದೆ ಸರಿಸಿದೆ. ಬಿಳಿಯರ ದೊರೆ ಇರುವ ಊರಿನಿಂದ ನಮ್ಮ ಮಾಳಮಡ್ಡಿಯವರೆಗೆ ಯಾವ ಸರ್ಕಾರಕ್ಕೂ ಅಪ್ಪನನ್ನು ಸೋಲಿಸಲಾಗಲಿಲ್ಲ. ದೇಶವೇ ಅವರ ಟೈಮಿಗೆ ಬಂತು.

ಆ ಸಂಜೆ ಆರು ಹೊಡೆಯಿತು. ಮಗಳು ಅಂಗಳದಿಂದ ಓಡಿಬಂದು ಗೋಡೆ ಗಡಿಯಾರ ನೋಡಿದಳು, ಬಂದು ನನ್ನ ಕೈ ಹಿಡಿದು ನನ್ನದನ್ನೂ ನೋಡಿದಳು. ಎರಡರಲ್ಲೂ ಆರು.

"ಅಪ್ಪಾ, ಅಜ್ಜಂದೂ ನಂದೂ ತಾಸು ಎಲ್ಲಿ ಹೋತು?"

ಅವಳು ಪಾಟಿ ತೆಗೆದುಕೊಂಡು ಅಭ್ಯಾಸಕ್ಕೆ ಕೂತಳು.

ಈಗ ನಮ್ಮ ಮನೆಯಲ್ಲಿ ಒಂಬತ್ತು ಒಂದೇ ಸಲ ಆಗುತ್ತದೆ. ನಾನು ಡಬ್ಬಿ ಹಿಡಿದು ಹೊರಬೀಳುತ್ತೇನೆ. ಎಲ್ಲಿಗೆ ಹೊಂಟಿ ಎಂದು ಯಾರೂ ಕೇಳುವುದಿಲ್ಲ.