ಕಲ್ಯಾಣ ಮಂಟಪದ ಗೇಟಿನಲ್ಲಿ ಬೆಳೆದ ಬಾಳೆ

ಮಾನ್ಯ ‘ಹೊಲನೋಟ’ ಬೆಳೆ ಸಮೀಕ್ಷೆ ಆ್ಯಪ್‌ನವರ ಸನ್ನಿಧಾನಕ್ಕೆ,

ಮೂಡಲಪಾಳ್ಯದ ಹನುಮಂತಯ್ಯ ಮಾಡುವ ಅನಂತ ನಮಸ್ಕಾರಗಳು. ತಾವು ತುಂಬಿದ ಬ್ಯಾಟರಿ ಹಾಗೂ ಒಳ್ಳೆಯ ನೆಟ್‌ವರ್ಕ್ ಸಮೇತ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾನು, ನನ್ನ ಹೆಂಡತಿ ವಿಮಲಮ್ಮ, ಕೆಂಗೇರಿ ಆಚೆಗಿರುವ ನಮ್ಮ ಒಂದೂವರೆ ಎಕರೆ ರಾಗಿ, ಎಲ್ಲರೂ ತಮ್ಮ ದಾಖಲೆಯೊಂದನ್ನು ಬಿಟ್ಟರೆ ಚೆನ್ನಾಗಿದ್ದೇವೆ.

ರಾಗಿ ಬೆಳೆಗಾರರಿಗೆ ಸರ್ಕಾರ ಕೊಡುವ ಸಹಾಯಧನ ಈ ಸಲ ನಮಗೆ ಬರಲಿಲ್ಲ. ಕಚೇರಿಯಲ್ಲಿ ವಿಚಾರಿಸಿದಾಗ, ನಮ್ಮ ಹೊಲದಲ್ಲಿರುವುದು ಬಾಳೆ ಎಂದು ತಾವು ಫೋಟೊ ಸಮೇತ ದಾಖಲಿಸಿರುವುದು ತಿಳಿಯಿತು. ಫೋಟೊ ಬಹಳ ಚೆನ್ನಾಗಿದೆ. ಗೊನೆ ಬಿಟ್ಟ ಎರಡು ಬಾಳೆಕಂಬ, ನಡುವೆ ಮಾವಿನ ತೋರಣ, ಹಿಂದೆ ಸೇವಂತಿಗೆಯಲ್ಲಿ ಬರೆದ ವಧೂವರರ ಹೆಸರು. ಅದು ನಮ್ಮ ಹೊಲದ ಪಕ್ಕದ ಕಲ್ಯಾಣ ಮಂಟಪದ ಗೇಟು.

ತಮ್ಮ ನಕ್ಷೆಯಲ್ಲಿ ನಮ್ಮ ಸರ್ವೆ ನಂಬರು ಅದೇಕೋ ಪಕ್ಕಕ್ಕೆ ಜರುಗಿ ಆ ಗೇಟಿನ ಮುಂದೆ ಕೂತಿದೆ, ಮತ್ತು ಅಲ್ಲಿ ನಿಂತರೆ ಮಾತ್ರ ತಾವು ಕ್ಯಾಮೆರಾ ತೆರೆಯುತ್ತೀರಿ. ಸಮೀಕ್ಷೆಗೆ ಬಂದಿದ್ದ ಶಶಿಕುಮಾರ್ ಅವರನ್ನು ನಾನು ದೂರಲಾರೆ. “ನಿಮ್ ರಾಗಿ ನನ್ ಕಣ್ಣಿಗೆ ಕಾಣ್ತಾ ಇದೆ ಯಜಮಾನ್ರೇ, ಆದ್ರೆ ಇದಕ್ಕೆ ಕಾಣ್ಬೇಕಲ್ಲ” ಎಂದು ಪಾಪ, ಅವರೇ ಫೋನನ್ನು ನನ್ನ ಮುಂದೆ ಹಿಡಿದರು.

ಮರುಸಮೀಕ್ಷೆಗೆ ಅರ್ಜಿ ಕೊಟ್ಟೆ. ತಾವು ದೊಡ್ಡ ಮನಸ್ಸು ಮಾಡಿ ಒಪ್ಪಿದಿರಿ, ಆದರೆ ಆರಿಸಿಕೊಂಡದ್ದು ಪಿತೃಪಕ್ಷವನ್ನು. ಆ ದಿನಗಳಲ್ಲಿ ಯಾರೂ ಮದುವೆ ಮಾಡುವುದಿಲ್ಲವಾದ್ದರಿಂದ ಗೇಟು ಬೋಳಾಗಿತ್ತು, ತಾವು ‘ಜಮೀನು ಬೀಳು ಬಿದ್ದಿದೆ’ ಎಂದು ಬರೆದುಕೊಂಡಿರಿ. ಶ್ರಾವಣದಲ್ಲಿ ಗೊನೆ ಸಮೇತ ನಿಂತಿದ್ದ ತೋಟ ಭಾದ್ರಪದ ಮುಗಿಯುವುದರೊಳಗೆ ಬೇರು ಸಮೇತ ಮಾಯವಾದದ್ದು ತಮಗೆ ವಿಚಿತ್ರವೆನಿಸಲಿಲ್ಲ. ಇಂಥ ಸಮಚಿತ್ತ ಋಷಿಗಳಿಗೂ ಕಷ್ಟ.

ತಮಗೆ ತೊಂದರೆಯಾಗದಂತೆ ಕೆಲವು ಕೋರಿಕೆಗಳಿವೆ. ನಕ್ಷೆ ತಿದ್ದುವುದು ಕಷ್ಟವಾದರೆ ದಯವಿಟ್ಟು ನಮ್ಮ ಹೊಲವನ್ನೇ ಎತ್ತಿ ಗೇಟಿನ ಬಳಿ ಇಟ್ಟುಕೊಡಿ, ಬದುಗಳು ಮುರಿಯದಂತೆ ಜೋಪಾನವಾಗಿ. ಅದೂ ಆಗದಿದ್ದರೆ, ಗೇಟು ನನ್ನದೆಂದು ತಾವೇ ಹೇಳುತ್ತಿರುವುದರಿಂದ, ಅಲ್ಲಿ ನಡೆಯುವ ಮದುವೆಗಳ ಬಾಡಿಗೆಯನ್ನಾದರೂ ಕೊಡಿಸಿ. ಮಂಟಪದ ಮಾಲೀಕರಿಗೆ ಈ ವಿಷಯ ತಾವೇ ತಿಳಿಸಿದರೆ ಒಳ್ಳೆಯದು, ಅವರು ಸ್ವಲ್ಪ ಮುಂಗೋಪಿ.

ಇಷ್ಟು ಅವಸರಪಡುವುದಕ್ಕೆ ಕಾರಣವಿದೆ. ಹೊಲ ನನಗೂ ನನ್ನ ತಮ್ಮ ಭೈರೇಶನಿಗೂ ಜಂಟಿ. ಕಳೆ ಕೀಳುವ ಕೂಲಿಗೆ ಸಹಾಯಧನವೇ ಆಧಾರ, ಅದು ನಿಂತರೆ ಹೊಲ ಮಾರುವುದೆಂದು ಹಿಂದೆಯೇ ಮಾತಾಗಿತ್ತು. “ಬೆಳೆ ಇಲ್ಲ ಅಂತ ಗೌರ್ಮೆಂಟೇ ಹೇಳ್ತಿದೆಯಲ್ಲಣ್ಣ, ಲೇಔಟ್‌ನೋರಿಗೆ ಕೊಟ್ಬಿಡೋಣ” ಎನ್ನುತ್ತಾನೆ. ಅವನು ಕೆಟ್ಟವನಲ್ಲ, ತಮ್ಮನ್ನು ನಂಬಿದ್ದಾನೆ ಅಷ್ಟೆ. ವಿಮಲಮ್ಮ ಮಾತ್ರ ಆ ಮಾತು ಬಂದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾಳೆ. ಆ ಹೊಲ ಹೋದರೆ ನನಗೆ ತುಂಬ ಸಂಕಟವಾಗುತ್ತದೆ. ಇದನ್ನು ಇನ್ನಷ್ಟು ಗೌರವಯುತವಾಗಿ ಬರೆಯುವುದು ಹೇಗೆಂದು ನನಗೆ ತಿಳಿಯದು.

ತಮ್ಮ ಕ್ಯಾಮೆರಾದ ಕಣ್ಣಿಗೆ ಇನ್ನೂ ಬೀಳದ,
ತಮ್ಮ ವಿಶ್ವಾಸಿ,
ಹನುಮಂತಯ್ಯ

ತಾ.ಕ.: ಮಗಳು ಧನ್ಯಶ್ರೀಯ ಮದುವೆ ಮಾರ್ಗಶಿರದಲ್ಲಿ ಅದೇ ಮಂಟಪದಲ್ಲಿ ನಿಶ್ಚಯವಾಗಿದೆ. ಬೀಗರನ್ನು ಒಪ್ಪಿಸಿದ್ದೇನೆ, ಗೇಟಿಗೆ ಬಾಳೆಕಂಬದ ಬದಲು ತೆನೆ ತುಂಬಿದ ರಾಗಿಯ ಕಟ್ಟುಗಳನ್ನೇ ಕಟ್ಟುತ್ತೇವೆ. ಭೈರೇಶನೂ ಅಲ್ಲಿಯವರೆಗೆ ಕಾಯುತ್ತೇನೆಂದಿದ್ದಾನೆ. ಶಶಿಕುಮಾರ್ ಅವರೊಂದಿಗೆ ತಾವು ತಪ್ಪದೆ ಬಂದು ಫೋಟೊ ತೆಗೆದುಕೊಳ್ಳಿ, ಮರುದಿನದ ಬೀಗರೂಟಕ್ಕೂ ಉಳಿಯಿರಿ. ಮುದ್ದೆ ಇರುತ್ತದೆ. ತಮ್ಮ ಬೀಳು ಜಮೀನಿನಲ್ಲಿ ಈ ವರ್ಷ ಬೆಳೆದ ರಾಗಿಯದೇ.